ಆರು ಮೂಲೆಯ ಬೆಳಕು

ಮೊನ್ನೆ ಮಗಳು ಮೊಬೈಲಿನಲ್ಲಿ ನನ್ನದೊಂದು ಫೋಟೊ ತೆಗೆದಳು. ನನ್ನ ಮುಖದ ಸುಕ್ಕುಗಳೆಲ್ಲ ಸ್ಪಷ್ಟ, ಹಿಂದಿದ್ದ ದೀಪಾವಳಿ ದೀಪಗಳು ಮಾತ್ರ ಊದಿಕೊಂಡು ಮಸುಕು ಮಸುಕು. "ಚೆಂದಾಗದೆ ಅಲ್ವವ್ವಾ?" ಅಂದಳು. ಚೆಂದವಾಗಿಯೇ ಇತ್ತು. ನನಗೆ ಮಾತ್ರ ಮೈ ಜುಮ್ಮೆಂದಿತು...

ನಾನು ಜೀರಹಳ್ಳಿಗೆ ಸೊಸೆಯಾಗಿ ಬಂದದ್ದು ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ. ಪಕ್ಕದ ಮನೆಯ ಹಿರಿಯರನ್ನು ಮಾವ, ಅವರ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದೆ. ಮಾವ ಮದ್ರಾಸಿನಲ್ಲಿ ಸಿನಿಮಾ ಕ್ಯಾಮರಾ ಹೊತ್ತು ದುಡಿದು, ವಯಸ್ಸಾದ ಮೇಲೆ ಊರಿಗೆ ಬಂದು ಫೋಟೊ ತೆಗೆಯುತ್ತಿದ್ದರು. ಸ್ಟುಡಿಯೊದವರು ಬೇಡವೆಂದ ಒಂದು ಸಿನಿಮಾ ಲೆನ್ಸನ್ನು ತಂದು ತಮ್ಮ ಕ್ಯಾಮರಾಕ್ಕೆ ಕೂರಿಸಿಕೊಂಡಿದ್ದರು. ದೂರ ಹತ್ತಿರ ಹೊಂದಿಸುವ ಅದರ ಬಳೆ ಜಾಮ್ ಆಗಿತ್ತು. ಎದುರಿಗೆ ಕೂತವರಷ್ಟೇ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಒಳಗಿನ ಆರು ಬ್ಲೇಡುಗಳನ್ನು ತೆರೆದು ಮುಚ್ಚುವ ಬಳೆ ಮಾತ್ರ ಸದ್ದಿಲ್ಲದೆ ನುಣ್ಣಗೆ ತಿರುಗುತ್ತಿತ್ತು. ಅದರ ಮೇಲೆ ಎರಡರಿಂದ ಹದಿನಾರರವರೆಗೆ ಅಂಕಿಗಳಿದ್ದವು, ಅಂಕಿ ಏರಿದಷ್ಟೂ ಬೆಳಕಿನ ಕಿಂಡಿ ಕಿರಿದಾಗುತ್ತಿತ್ತು.

ಆ ಮಸುಕೇ ಅವರಿಗೆ ಹೆಸರು ತಂದಿತು. ಬಳೆಯನ್ನು ನಾಲ್ಕಕ್ಕೆ ತಂದರೆ ಹಿಂದಿನ ದೀಪ ಆರು ಮೂಲೆಯ ಹೂವಾಗುತ್ತಿತ್ತು. ಅದಕ್ಕಾಗಿ ಗೆಟ್ಟವಾಡಿಯಿಂದಲೂ ಜನ ಬರುತ್ತಿದ್ದರು. ಯಾರ ಫೋಟೊ ಆದರೂ ಮೂಗುತಿಯ ಅತ್ತೆ ಹಸಿರು ಗಾಜಿನ ಬಳೆ ತೊಟ್ಟ ಕೈಯಲ್ಲಿ ಲಾಟೀನು ಹಿಡಿದು ಬೇಲಿಯ ಹತ್ತಿರ ನಿಲ್ಲಬೇಕು. "ನಾನೇನ್ ದೀಪದ್ ಕಂಬ್ವಾ?" ಎಂದು ಬೈಯುತ್ತಲೇ ನಿಲ್ಲುತ್ತಿದ್ದರು.

ಅತ್ತೆ ಜ್ವರ ಬಂದು ತೀರಿಕೊಂಡರು. ಹಾರ ಹಾಕುವುದಕ್ಕೆ ಫೋಟೊ ಬೇಕಾಯಿತು. ಮಾವ ಪೆಟ್ಟಿಗೆ ಸುರಿದು ಹುಡುಕಿದರು. ಅತ್ತೆ ಎಲ್ಲ ಫೋಟೊಗಳಲ್ಲೂ ಇದ್ದರು, ಬೆಳಕಿನ ಪಕ್ಕದ ಕಪ್ಪು ಕಲೆಯಾಗಿ. "ಊರ್‌ನೋರ್ ಮೊಕ ಎಲ್ಲಾ ತಗ್ದೆ ಕಣವ್ವಾ, ಅವಳ್ದೊಂದ ಬುಟ್‌ಬುಟ್ಟೆ" ಎಂದು ಅತ್ತರು. ಹಾರವನ್ನು ಬರಿಯ ಗೋಡೆಗೆ ಹಾಕಿದರು.

ಆಮೇಲೆ ದಿನಾ ಮುಸ್ಸಂಜೆ ಬೇಲಿಯ ಗೂಟಕ್ಕೆ ಲಾಟೀನು ತೂಗುಹಾಕಿ, ಕ್ಯಾಮರಾದೊಳಗೆ ಕಣ್ಣಿಟ್ಟು ಕೂರತೊಡಗಿದರು. "ಮುದುಕುಂಗೆ ತಲೆ ಕೆಟ್ಟದೆ, ನೀನೂ ಅಂಟುಸ್ಕಂಡೀಯೆ" ಎಂದು ನನ್ನ ಗಂಡ ನಗುತ್ತಿದ್ದರು. ಒಂದು ಸಂಜೆ ಮಾವ ನನ್ನನ್ನು ಕರೆದು ನೋಡೆಂದರು. ಕಂಡದ್ದು ದೀಪದ ಮಸುಕು ಮಾತ್ರ. ಅವರು ಲೆನ್ಸಿನ ಬಳೆ ತಿರುಗಿಸಿದರು. ಬ್ಲೇಡುಗಳು ಮುಚ್ಚಿಕೊಂಡಂತೆ ಹಿಂದಿನದು ಕೊಂಚ ಕೊಂಚ ತಿಳಿಯಾಯಿತು. ಲಾಟೀನು ಗೂಟದಲ್ಲಿರಲಿಲ್ಲ... ಒಂದು ಕೈಯಲ್ಲಿತ್ತು.

"ಅಸ್ರು ಬಳೆ, ಮಾವ" ಎಂದೆ.

"ಮೊಕ?"

"ಕತ್ಲು."

"ಅಷ್ಟೇ ಕಣವ್ವಾ. ತಿಳಿಯಾಗ್ಬೇಕು ಅಂದ್ರೆ ಮುಚ್ಬೇಕು. ಮುಚ್ಚುದ್ರೆ ಬೆಳ್ಕೇ ಒಳೀಕೆ ಬರಾಕಿಲ್ಲ."

ಬರಿಗಣ್ಣಿಗೆ ಗೂಟ, ಲಾಟೀನು, ಅಷ್ಟೇ. ಓಡಿಹೋಗಬೇಕೆನಿಸಿತು. ಅವರನ್ನು ಒಬ್ಬರನ್ನೇ ಬಿಡಲು ಮನಸ್ಸಾಗಲಿಲ್ಲ. ಲೆನ್ಸಿನ ಬಳೆ ತಿರುಗಿಸುವುದನ್ನು ನನಗೆ ಬಿಟ್ಟು, ಪಂಚೆ ಸರಿಮಾಡಿಕೊಂಡು, ಅವರೇ ಬೇಲಿಯತ್ತ ನಡೆದರು. ಲೆನ್ಸಿನಲ್ಲಿ ದೀಪದ ಎರಡೂ ಬದಿಗೆ ಎರಡು ಆಕಾರ ನಿಂತವು. ನಾನು ತಿರುಗಿಸುತ್ತ ಹೋದೆ: ಎಂಟು, ಹನ್ನೊಂದು, ಹದಿನಾರು... ಎಲ್ಲ ಕಪ್ಪಾಗುತ್ತ ಬಂತು.

"ಅವಳ್ ಮೊಕ ಯಾವ್ ಕಡೀಕದೆ?" ಅಲ್ಲಿಂದಲೇ ಕೂಗಿದರು.

ಮುಖ ಕಾಣಲಿಲ್ಲ. ಆದರೆ ಆ ಕಪ್ಪಿನಲ್ಲಿ ಮೂಗುತಿ ಮಿಂಚಿತು, ಆರು ಮೂಲೆಯ ಒಂದು ಚುಕ್ಕೆ. ಅದು ನನ್ನ ಕಡೆಗಿರಲಿಲ್ಲ.

"ನಿಮ್ ಕಡೀಕೇ, ಮಾವ. ನಿಮ್ನೇ ನೋಡ್ತಾವ್ರೆ."

ಮಾವ ಅತ್ತ ತಿರುಗಿದರು. ಬಹಳ ಹೊತ್ತು ನಿಂತಿದ್ದರು. ಏನೋ ಮಾತಾಡುತ್ತಿದ್ದಂತಿತ್ತು.

ಮುಂದಿನ ಮಳೆಗಾಲದಲ್ಲಿ ಅವರೂ ಹೋದರು. ಈಗ ಆ ಬೇಲಿಯಿದ್ದ ಕಡೆ ಕೋಸು ಬೆಳೆಯುತ್ತಾರೆ. ಆ ದಾರಿಯಲ್ಲಿ ಸಂಜೆ ಬರುವಾಗ ಭಯವೇನೂ ಆಗುವುದಿಲ್ಲ, ಆಗಿದ್ದರೆ ಚೆನ್ನಾಗಿತ್ತು, ಇಬ್ಬರೂ ಇನ್ನೂ ಅಲ್ಲಿದ್ದಾರೆ ಎಂದಾದರೂ ಅನಿಸುತ್ತಿತ್ತು. ಮಾವನ ಮುಖವನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಬರುವುದಿಲ್ಲ. ಅತ್ತೆಯ ಕಡೆಗೆ ತಿರುಗಿದ ಅವರ ನೆರೆತ ಹಿಂದಲೆ ಮಾತ್ರ ಬರುತ್ತದೆ.