ಕೈ ಬೀಸಿದರೆ ಏರುವ ಕರೆಂಟು

ಮೂಗಿನ ತುದಿಯಲ್ಲೇ ಸಿಟ್ಟು ನನಗೆ. ಬಾಯಿಗಿಂತ ಮೊದಲು ಕೈ ಬೀಸುತ್ತದೆ. ಈ ಕೆಟ್ಟ ಚಾಳಿಯೇ ಒಮ್ಮೆ ನನ್ನ ಕೆಲಸ ಉಳಿಸಿತು ಎಂದರೆ ಮನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಿಂದ ಬಂದು ಮುಲುಂಡಿನಲ್ಲಿದ್ದ ನಾನು ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ವಡಾಲದ ಒಂದು ಸಣ್ಣ ಕಂಪನಿಗೆ ಹೋಗಿಬರುತ್ತಿದ್ದೆ. ಪರೇಲಿನ ಆಸ್ಪತ್ರೆಯೊಂದಕ್ಕೆ, ಸಲೈನ್ ಬಾಟಲಿ ಖಾಲಿಯಾಗುವ ಮೊದಲೇ ಕೂಗುವ ಪೆಟ್ಟಿಗೆ ಮಾಡಿಕೊಡಬೇಕಿತ್ತು. ಅದು ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಡೆಯಬೇಕು. ಅದಕ್ಕೆ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪೇ ಸರಿ, ಕೆಲಸವಿಲ್ಲದಾಗ ನಿದ್ದೆ ಹೋಗುತ್ತದೆ, ಆಗ ಕರೆಂಟು ತಿನ್ನುವುದೇ ಇಲ್ಲ ಎಂದು ಹಟ ಹಿಡಿದು, ಪರೀಕ್ಷೆಗೆಂದು ಪರದೇಶದಿಂದ ಅದನ್ನು ಕೂರಿಸಿದ ಇವ್ಯಾಲ್ಯುಯೇಷನ್ ಬೋರ್ಡು ತರಿಸಿದವಳು ನಾನೇ.

ಬೋರ್ಡಿನಲ್ಲಿ ಚಿಪ್ಪಿಗೆ ಕರೆಂಟು ಹೋಗುವ ದಾರಿಯಲ್ಲಿ ಜಂಪರ್ ಎಂಬ ಪುಟ್ಟ ಕ್ಲಿಪ್ಪು ಇರುತ್ತದೆ. ಅದನ್ನು ಕಿತ್ತು ಆ ಜಾಗದಲ್ಲಿ ಮೀಟರ್ ಹಾಕಿದರೆ ಚಿಪ್ ಎಷ್ಟು ತಿನ್ನುತ್ತಿದೆ ಎಂಬುದು ಗೊತ್ತಾಗುತ್ತದೆ. ಹಾಕಿದೆ. ಹಾಳಾದ್ದು, ನಿದ್ದೆಯಲ್ಲೂ ಬಕಾಸುರನ ಹಾಗೆ ತಿನ್ನುತ್ತಿತ್ತು! ಹೀಗಾದರೆ ಬ್ಯಾಟರಿ ವಾರವೂ ಬಾಳುವುದಿಲ್ಲ.

ಮಾಲೀಕರು ಬಂದು ನೋಡಿದರು. "ಶಾಮ್ ತಕ್ ದೇಖೋ ಬೇಟಾ. ನಹೀ ತೋ ಕಾಮ್ ಬಂದ್" ಎಂದು ಹೊರಟುಹೋದರು. ಸಂಜೆಯೊಳಗೆ ಸರಿಹೋಗದಿದ್ದರೆ ಪೆಟ್ಟಿಗೆಯೂ ಇಲ್ಲ, ಅದಕ್ಕೆಂದೇ ಸೇರಿಸಿಕೊಂಡಿದ್ದ ನಾನೂ ಇಲ್ಲ.

ಮೀಟರ್ ಬದಲಿಸಿದೆ. ಪ್ರೋಗ್ರಾಂ ತಿದ್ದಿದೆ. ಊಟದ ಡಬ್ಬಿ ತೆರೆಯಲಿಲ್ಲ. ಕೊನೆಗೆ, "ಎಂಥಾ ದರಿದ್ರ ಬೋರ್ಡು ಕಳಿಸಿದಾರೆ!" ಎಂದು ಅದರ ಮೇಲೆ ಕೈ ಬೀಸಿ ಬೀಸಿ ಬೈಯತೊಡಗಿದೆ. ಪಕ್ಕದ ಮೇಜಿನ ಧಾರವಾಡದ ಇಂಜಿನಿಯರ್ ನಕ್ಕರು.

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ. ಬೋರ್ಡಿಗ್ಯಾಕ ಬೈತೀರಿ ಅಕ್ಕಾರ? ನೋಡ್ರಿ, ನೀವು ಬೈದಂಗೆಲ್ಲಾ ಮೀಟರೂ ಏರಾಕತ್ತೈತಿ!"

"ಸುಮ್ನಿರಿ ನೀವೊಬ್ರು" ಎಂದವಳು ಮೀಟರ್ ನೋಡಿದೆ. ಹೌದಲ್ಲ! ಕೈ ಹತ್ತಿರ ಹೋದರೆ ಅಂಕಿ ಏರುತ್ತದೆ, ಹಿಂದೆ ಸರಿದರೆ ಇಳಿಯುತ್ತದೆ. ಮುಟ್ಟುವುದೂ ಬೇಡ.

ಅಯ್ಯೋ ದೇವರೇ, ಚಿಪ್ಪಿನ ಕಾಲುಗಳು, ಅದೇ ಆ ಪಿನ್ನುಗಳು! ನಮಗೆ ಬೇಡದ ಕಾಲುಗಳಿಗೆ ಏನನ್ನೂ ಜೋಡಿಸದೆ ಹಾಗೇ ಬಿಟ್ಟಿದ್ದೆ. ಹಾಗೆ ಬಿಟ್ಟ ಕಾಲು ಚಿಪ್ಪಿನ ಲೆಕ್ಕದಲ್ಲಿ ಸೊನ್ನೆಯೂ ಅಲ್ಲ, ಒಂದೂ ಅಲ್ಲ. ನಡುವೆ ತೂಗಾಡುತ್ತ, ಹತ್ತಿರ ಬಂದ ಕೈಗೂ ಅಲುಗುತ್ತ, ಸುಮ್ಮಸುಮ್ಮನೆ ಕರೆಂಟು ಎಳೆಯುತ್ತದೆ. ಧಾರವಾಡದವರು ತಂತಿ ಕತ್ತರಿಸಿ ಕೊಟ್ಟರು, ನಾನು ಒಂದೊಂದನ್ನೂ ಗ್ರೌಂಡಿಗೆ, ಅಂದರೆ ಸೊನ್ನೆಗೆ, ಬೆಸೆದೆ.

ಸ್ವಿಚ್ ಹಾಕಿದೆ. ಅಂಕಿ ಸರ್ರನೆ ಇಳಿದು, ಚಿಪ್ ಮಾಡಿದವರ ಪುಸ್ತಕದಲ್ಲಿ ಹೇಳಿದ್ದಲ್ಲಿಗೇ ಬಂದು ನಿಂತಿತು. ಹೋದ ಜೀವ ಬಂದಂತಾಯಿತು. ತಣ್ಣಗಾದ ಚಪಾತಿಯನ್ನು ಅಷ್ಟು ರುಚಿಯಾಗಿ ನಾನು ಎಂದೂ ತಿಂದಿರಲಿಲ್ಲ.

ಸಂಜೆ ಮಾಲೀಕರು ಬಂದು ಬಗ್ಗಿ ನೋಡಿದರು. "ಪಕ್ಕಾ? ಫಿರ್ ನಹೀ ಚಢೇಗಾ?" ಮತ್ತೆ ಏರಿಬಿಟ್ಟರೆ ಎಂಬ ಅನುಮಾನ ಅವರಿಗೆ.

ನಾನು ಎರಡೂ ಕೈಗಳನ್ನು ಬೋರ್ಡಿನ ಮೇಲೆ ಬೀಸುತ್ತ, ಬೆಳಗಿನಿಂದ ಉಳಿದಿದ್ದ ಬೈಗುಳವನ್ನೆಲ್ಲ ಅಚ್ಚ ಮೈಸೂರು ಕನ್ನಡದಲ್ಲಿ ಅದಕ್ಕೆ ಸುರಿದೆ. ಮಾಲೀಕರು ಗಾಬರಿಯಾಗಿ ಹಿಂದೆ ಸರಿದರು. ಅಂಕಿ ಅಲುಗಲಿಲ್ಲ.

"ಠೀಕ್ ಹೈ ಬೇಟಾ, ಠೀಕ್ ಹೈ. ಕಲ್ ಸೇ ಪೇಟಿ ಶುರು ಕರೋ."

ನಾಳೆಯಿಂದ ಪೆಟ್ಟಿಗೆಯ ಕೆಲಸ ಶುರು, ನಾಳೆಯೂ ವಡಾಲಕ್ಕೆ ಬರಬಹುದು ಎಂದು ತಿಳಿದದ್ದೇ ತಡ, ಬೀಸುತ್ತಿದ್ದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.