ಉಣ್ಣೆ ಕತ್ತರಿಸಿದ ದಿನ ಸುಟ್ಟ ಗುಡ್ಡ

ಒಣಹುಲ್ಲು ಸುಟ್ಟ ವಾಸನೆ ಎಲ್ಲಿ ಬಂದರೂ ನರೋಣಾ ಕಡೆಯ ನಮ್ಮ ಮನೆಯಂಗಳ ಕಣ್ಣಿಗೆ ಕಟ್ಟುತ್ತದೆ. ಗುಡ್ಡಕ್ಕೆ ಬೆಂಕಿ ಬಿದ್ದ ದಿನ ಅಲ್ಲಿ ಬೇವಿನ ನೆರಳಲ್ಲಿ ಇದ್ದವರು ನಮ್ಮ ಅಜ್ಜಿ, ನಾವೆಲ್ಲ ಆಯಿ ಅನ್ನುತ್ತಿದ್ದವಳು. ಕುರಿಯ ಕಾಲು ಹಿಡಿದು ಕೂತ ನಾನು. ಮತ್ತು ಕತ್ತರಿ ಹಿಡಿದು ಆಗಷ್ಟೇ ಮರಳಿ ಬಂದ ಮಲ್ಲಪ್ಪ ಕಾಕಾ, ಆಯಿಯ ಕಿರಿಮಗ. ಹಳ್ಳದಲ್ಲಿ ಮೈತೊಳೆದ ಹಿಂಡನ್ನು ಮರುದಿನ ಗುಡ್ಡಕ್ಕೆ ಬಿಡದೆ, ಮುಳ್ಳು ಧೂಳು ಹತ್ತುವ ಮೊದಲೇ ಉಣ್ಣೆ ಕತ್ತರಿಸುವುದು ನಮ್ಮಲ್ಲಿ ರೂಢಿ. ಬೆಚ್ಚನೆಯ ಉಣ್ಣೆ, ಅಂಗೈಗೆ ಅಂಟುವ ಜಿಡ್ಡು, ಆಯಿಯ ಬೈಗುಳ, ಎಲ್ಲ ಸೇರಿ ಅದೊಂದು ಹಬ್ಬವೇ. ಕತ್ತರಿಗೆ ಸಾಣೆ ಹಿಡಿಸಲು ಬೆಳಿಗ್ಗೆಯೇ ಹೋಗಿದ್ದ ಕಾಕಾ ಮೊಂಡು ಕತ್ತರಿಯನ್ನೇ ತಂದು, ಕಮ್ಮಾರ ಊರಲ್ಲಿಲ್ಲ ಅಂದ. ಅಷ್ಟರಲ್ಲಿ ಗುಡ್ಡದ ಮೇಲೆ ಹೊಗೆ ಎದ್ದಿತು.

ಬೆಂಕಿ ಬಡಿಯಲು ಬೇವಿನ ಟೊಂಗೆ ಹಿಡಿದು ಊರೇ ಓಡಿತು. ಆದರೂ ಜಂಗಲಾತಿನವರು, ಅಂದರೆ ಅರಣ್ಯ ಇಲಾಖೆಯವರು, ಗುಡ್ಡದಲ್ಲಿ ನೆಡಿಸಿದ್ದ ಸಸಿಗಳೆಲ್ಲ ಬೂದಿಯಾದವು. ಮಳೆಗೆ ಮುಂಚೆ ಹಳೆ ಹುಲ್ಲು ಸುಟ್ಟರೆ ಎಳೆ ಹುಲ್ಲು ಬೇಗ ಚಿಗುರುತ್ತದೆಂದು ಕುರಿಯವರು ಕಿಡಿ ತಾಕಿಸುವುದು ಹಿಂದಿನಿಂದ ಇತ್ತು. ಸಸಿ ನೆಟ್ಟ ಮೇಲೆ ಅದು ನಿಂತಿತ್ತು. ನಿಂತಿದೆ ಎಂದಾದರೂ ಎಲ್ಲರೂ ಹೇಳುತ್ತಿದ್ದರು. ಹೀಗಾಗಿ ಊರಿನ ಕಣ್ಣು ನಮ್ಮ ಮನೆಯ ಮೇಲೆ ಬಿತ್ತು. ಮರುದಿನ ಜಂಗಲ್ ಗಾರ್ಡ್ ಬಂದು ಕಟ್ಟೆಯ ಮೇಲೆ ಕೂತ, ಚಹಾನೂ ಕುಡಿದ.

“ಆಯಿ, ದಿನಾ ಗುಡ್ಡದಾಗ ಇರೋ ನಿಮ್ಮ ಕುರಿ ಬೆಂಕಿ ಬಿದ್ದ ದಿನಾನೇ ಮನ್ಯಾಗ ಹೆಂಗ ಉಳದ್ವುರಿ?”

“ಉಣ್ಣಿ ಕತ್ತರಸಾಕತ್ತಿದ್ವಿ. ನೀ ಕ್ಷೌರಕ್ಕ ಕುಂತಾಗ ಡ್ಯೂಟಿಗೆ ಹೋಗ್ತೀಯೇನಪಾ?” ಅಂದಳು ಆಯಿ. “ನೀರ ಕಾಣದ ಒಣಗಿದ ಸಸಿ ಸುಟ್ಟಿದ್ದು ಯಾರಿಗೆ ಛಲೋ ಆತು, ಅದನ್ನ ನೀರ ಹಾಕಾಕ ರೊಕ್ಕಾ ತಗೊಂಡ ನಿಮ್ಮ ಗುತ್ತೇದಾರಗ ಕೇಳು.”

ಗಾರ್ಡ್ ಬಟ್ಟಲು ಕೆಳಗಿಟ್ಟು ಎದ್ದ. ಅಷ್ಟು ಜೋರು ಮಾಡಿದ ಆಯಿ, ಸಂಜೆ ರೊಟ್ಟಿ ಬಡಿಯುವುದನ್ನು ಬಿಟ್ಟು ಗೂಟದ ಮೇಲಿನ ಕಾಕಾನ ಕಂಬಳಿಯನ್ನು ಮೂಗಿಗೆ ಹಿಡಿದಳು. ಕಾಕಾ ನೋಡಿಬಿಟ್ಟ.

“ಬೆಂಕಿ ಆರಸಾಕ ಊರೆಲ್ಲಾ ಹೋಗಿತ್ತಬೇ ಯವ್ವಾ. ಎಲ್ಲಾರ ಕಂಬಳಿನೂ ಮೂಸಿ ಬಾ, ಹೋಗು.”

ಆಕೆ ಕಂಬಳಿಯನ್ನು ಗೂಟಕ್ಕೆ ಸಿಕ್ಕಿಸಿ ಮತ್ತೆ ರೊಟ್ಟಿ ಬಡಿಯಲು ಕೂತಳು. ಆ ಮೇಲೆ ಅವರಿಬ್ಬರ ನಡುವೆ ಮೊದಲಿನ ನಗೆಚಾಟಿಕೆ ಉಳಿಯಲಿಲ್ಲ. ಕಾಕಾ ಬೀಡಿ ಹಚ್ಚಿದಾಗಲೆಲ್ಲ ನಾನೂ ಆ ಕಡ್ಡಿ ಎಲ್ಲಿ ಬಿತ್ತೆಂದು ನೋಡುತ್ತಿದ್ದೆ. ನಿಮ್ಮ ಮನೆಯಲ್ಲೂ ಹೀಗೆ ಒಂದು ಮಾತು ಕೇಳದೆಯೇ ಉಳಿದು ಹೋಗಿರಬಹುದು.

ಬೆಂಕಿ ಹಚ್ಚಿದವರು ಯಾರೆಂದು ತಿಳಿಯಲಿಲ್ಲ, ಆದರೆ ಮೇಲಿನಿಂದ ಆದೇಶ ಬಂತು: ಗುಡ್ಡ ಬಂದ್. ಸುತ್ತ ಆಳದ ತಗ್ಗು ತೋಡಿದರು. ಒಳಹೊಕ್ಕ ಕುರಿಗೆ ದಂಡ. ಮೊದಲ ಮಳೆಗೆ ಸುಟ್ಟ ನೆಲ ಹಸಿರಾಯಿತು, ನಮ್ಮ ಹಿಂಡು ತಗ್ಗಿನ ಈಚೆ ನಿಂತು ಒದರುತ್ತಿತ್ತು. ಎಲ್ಲಿ ಮೇಯಿಸುವುದು? ದಸರೆಯೊಳಗೆ ಆಯಿ ಕುರಿಗಳನ್ನೆಲ್ಲ ಆಳಂದದ ಸಂತೆಗೆ ಹೊಡೆಸಿದಳು.

ಮುಂದಿನ ಬೇಸಿಗೆಯಲ್ಲಿ, ಬೆಂಕಿ ಒಳಗೆ ಹಾಯದಿರಲೆಂದು ಜಂಗಲಾತಿನವರೇ ತಗ್ಗಿನ ಗುಂಟ ಹುಲ್ಲು ಸುಡಿಸಲು ಹೊರಟರು. ಗಾಳಿ ನೋಡಿ ಸುಡಬಲ್ಲವರು ಬೇಕೆಂದು ಗಾರ್ಡ್ ನಮ್ಮ ಮನೆಗೇ ಬಂದ. ಕಾಕಾ ಆ ಕೂಲಿಗೆ ಹೋದ.