ತಗರಿನ ಜಾಗದಲ್ಲಿ ಗಂಗತ್ತೆ

ಮೊನ್ನೆ ಸಂಜೆ ಟಿವಿಯಲ್ಲಿ ಹಾಯಿದೋಣಿಗಳ ಪಂದ್ಯ ಬರುತ್ತಿತ್ತು. ಎಲ್ಲಿಯ ಸಮುದ್ರವೋ, ದಿನಗಟ್ಟಲೆ ಸಾಗುವ ಪಂದ್ಯವಂತೆ. ಎಲ್ಲರಿಗಿಂತ ಮೊದಲು ದಡ ಮುಟ್ಟಿದ ದೊಡ್ಡ ದೋಣಿಯನ್ನು ಬಿಟ್ಟು, ಬಹಳ ಹಿಂದೆ ಬಂದ ಪುಟ್ಟ ದೋಣಿಗೆ ಬಹುಮಾನ ಕೊಟ್ಟರು. ದೊಡ್ಡದಕ್ಕೆ ಹಾಯಿ ದೊಡ್ಡದು, ಓಟವೂ ಜಾಸ್ತಿ. ಅದಕ್ಕೇ ಅದರ ಲೆಕ್ಕಕ್ಕೆ ಒಂದಿಷ್ಟು ಹೊತ್ತು ಸೇರಿಸಿ ಹೋಲಿಸುತ್ತಾರಂತೆ. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲದ ನಮ್ಮ ಮನೆಯವರು ರೇಗಿದರು. “ಮುಂದ ಬಂದಾಂವ ಸೋತ, ಹಿಂದ ಬಂದಾಂವ ಗೆದ್ದ. ಇದ್ಯಾವ ಇನ್ಸಾಫು?”

ನನಗೆ ನಗು ತಡೆಯಲಾಗಲಿಲ್ಲ. ನೀವು ನಂಬುತ್ತೀರೋ ಇಲ್ಲವೋ, ಈ ನ್ಯಾಯ ನಾನು ಲಂಗ ಉಡುವ ಕಾಲಕ್ಕೇ ನಮ್ಮ ಕೃಷ್ಣೆಯಲ್ಲಿ ನಡೆದಿತ್ತು. ಹಾಯಿ ಇರಲಿಲ್ಲ, ಸಮುದ್ರವೂ ಇರಲಿಲ್ಲ. ಎರಡು ಹರಿಗೋಲು, ಒಂದಿಷ್ಟು ಕುರಿ.

ನನ್ನ ತವರು ಹುಣಸಗಿಯಾಚೆ, ಹೊಳೆಯಂಚಿನ ಊರು. ನಮ್ಮ ದಂಡೆ ಹೈದರಾಬಾದಿನದು, ಆಚೆಯದು ಮುಂಬೈ ಸರಕಾರದ್ದು. ಕೂಗಿದರೆ ಕೇಳುವಷ್ಟೇ ದೂರ, ಆದರೆ ಅವರ ಸೇರು ಬೇರೆ, ನಮ್ಮ ಸೇರು ಬೇರೆ. ಈ ದಂಡೆಯ ಅಂಬಿಗ ನಮ್ಮಪ್ಪ. ಆ ದಂಡೆಯ ಅಂಬಿಗ ಹಣಮಂತ ಮಾವ, ಅಂದರೆ ಅಪ್ಪನ ತಂಗಿ ಗಂಗತ್ತೆಯ ಗಂಡ. ಇಬ್ಬರೂ ಒಳ್ಳೆಯವರೇ, ಒಬ್ಬರಿಗೊಬ್ಬರು ಎದುರಾಗದಿದ್ದರೆ.

ದೀಪಾವಳಿಗೆ ಹೆಣ್ಣುಮಕ್ಕಳನ್ನು ಕರೆಯಲು ತವರಿನವರೇ ಹೋಗಬೇಕು. ಕರೆಯದೆ ಬಂದರೆ ಮರ್ಯಾದೆಯಲ್ಲ. ಒಂದು ವರ್ಷ ಅಪ್ಪ ಕರೆಯಲು ಹೋದಾಗ ಮಾವ ಅವನ ಹಳೆಯ ಹರಿಗೋಲನ್ನು ಆಡಿಕೊಂಡ, ಅಪ್ಪ ಮಾವನ ಮೀಸೆಯನ್ನು ಆಡಿಕೊಂಡ. ಅಷ್ಟಕ್ಕೇ ಅತ್ತೆಯ ತವರಿನ ಹಬ್ಬ ತಪ್ಪಿತು. ಮರುವರ್ಷವೂ ತಪ್ಪಿತು. ತಲೆಗೆ ಎಣ್ಣೆ ತಿಕ್ಕಲು ಅತ್ತೆಯಿಲ್ಲದ ಹಬ್ಬ ನನಗೆ ಹಬ್ಬವೇ ಅಲ್ಲ. ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರುತ್ತವೆಂದು ಊರೆಲ್ಲ ಮಾತಾಡುತ್ತಿದ್ದ ಆ ವರ್ಷ, ಮಾವ ಹೊಳೆಯ ನಡುವೆ ಹರಿಗೋಲು ನಿಲ್ಲಿಸಿ ಅಪ್ಪನಿಗೆ ಕೂಗಿ ಹೇಳಿದ:

“ಪಂದ್ಯಾ ಹಚ್ಚೂಣು. ನೀ ಗೆದ್ರ ನಿನ್ನ ತಂಗೀನ ಕರಕೊಂಡು ಹೋಗು. ನಾ ಗೆದ್ರ ಆಕೀನ ನಿಮ್ಮ ದಂಡಿಗಿ ದಾಟಸೂದಿಲ್ಲ.”

ಅತ್ತೆಯನ್ನು ಯಾರೂ ಕೇಳಲಿಲ್ಲ. ಅದು ನನಗೂ ಆಗ ಹೊಳೆಯಲಿಲ್ಲ ಬಿಡಿ.

ಮಾವನ ಹರಿಗೋಲು ಹೊಸದು, ಹಗುರ. ಅಪ್ಪನದು ತೇಪೆಯ ಮೇಲೆ ತೇಪೆ, ಡಾಂಬರು ಬಳಿದೂ ಬಳಿದೂ ಎಮ್ಮೆಯಷ್ಟು ಭಾರ. ಸರಿದೂಗಿಸಲು ಹೊಸದರಲ್ಲಿ ಜೋಳ ಹೇರಬೇಕೆಂದು ಹಿರಿಯರು ಹೇಳಿದರು. ಯಾರ ಸೇರಿನಲ್ಲಿ ಅಳೆಯುವುದು? ಅರ್ಧ ದಿನ ಅದೇ ಜಗಳ. ಕೊನೆಗೆ ಕುರಿ ಕಾಯುವ ಮಾಳಪ್ಪಜ್ಜ ಕಂಬಳಿ ಕೊಡವಿ ಎದ್ದ.

“ಕುರಿ ಹಾಕ್ರಿ. ಕುರಿಗಿ ಆ ಸರಕಾರನೂ ಇಲ್ಲ, ಈ ಸರಕಾರನೂ ಇಲ್ಲ.”

ಐದು ಕುರಿ, ಒಂದು ತಗರು ಎಂದು ತೀರ್ಮಾನವಾಯಿತು. ಹೊಳೆಯ ಮೇಲ್ಗಡೆಯ ಊರಿನಿಂದ ಹೊರಟು, ನಡುದಾರಿಯಲ್ಲಿ ಮಾವನ ಊರಿನ ದಂಡೆಗೆ ಬಂದು ಒಂದೂ ಇಳಿಸಿಲ್ಲವೆಂದು ಕುರಿ ಎಣಿಸಿ ತೋರಿಸಿ, ಕೊನೆಗೆ ನಮ್ಮೂರ ದಂಡೆ ಮುಟ್ಟಬೇಕು. ಇಷ್ಟು ತೂಗಿ ಅಳೆದು ಮಾಡಿದ ಗಂಡಸರು ಒಂದು ಸಣ್ಣ ವಿಷಯ ಮರೆತಿದ್ದರು.

ಪಂದ್ಯದ ದಿನ ನಾನು ಅಪ್ಪನ ಹರಿಗೋಲಿನಲ್ಲಿ ಕುಳಿತಿದ್ದೆ. ಮಾವನ ಕುರಿಗಳಲ್ಲಿ ಒಂದು ಆ ಪಕ್ಕಕ್ಕೆ ಸರಿದರೆ ಎಲ್ಲವೂ ಆ ಪಕ್ಕಕ್ಕೆ. ದುಂಡನೆಯ ಹರಿಗೋಲು ಗಿರಗಿರನೆ ತಿರುಗುತ್ತಿತ್ತು, ಮಾವನ ಬೈಗುಳ ಎರಡೂ ದಂಡೆಗೆ ಕೇಳುತ್ತಿತ್ತು. ಹಾಗಿದ್ದೂ ಇಬ್ಬರೂ ಹೆಚ್ಚುಕಡಿಮೆ ಜೊತೆಗೇ ಮಾವನ ಊರು ಮುಟ್ಟಿದರು. ಅಲ್ಲಿ ಅತ್ತೆ ಬುತ್ತಿಯ ಗಂಟು ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಮಾಳಪ್ಪಜ್ಜ. ಅವನು ಎಣಿಸಿ ಮುಗಿಸುವ ಮೊದಲೇ ತಗರು ಚಂಗನೆ ಹಾರಿ ಜಾಲಿಗಿಡಗಳ ನಡುವೆ ಓಡಿತು. ಎಲ್ಲರೂ ಹುಡುಕಿದರು, ಸಿಗಲಿಲ್ಲ.

ಅಪ್ಪ ಹೊರಟುಬಿಡಬಹುದಿತ್ತು. “ನಡಿಯಪ್ಪಾ” ಎಂದು ನಾನು ಅವನ ಅಂಗಿ ಜಗ್ಗಿದೆ.

“ಒಲ್ಲೆ,” ಎಂದ ಅಪ್ಪ. “ತಗರ ಓಡಿದ್ದಕ್ಕ ಗೆದ್ದ ಅಂತ ಆಮ್ಯಾಲ ಅನ್ನಸ್ಕೊಳ್ಳಾಕ ನನಗಾಗೂದಿಲ್ಲ.”

ಆಗ ಅತ್ತೆ ಗಂಟನ್ನು ಕಂಕುಳಿಗೆ ಸೇರಿಸಿ ಸೀದಾ ಮಾವನ ಹರಿಗೋಲಿಗೆ ಇಳಿದಳು. “ತಗರಿನ ಜಾಗದಾಗ ನಾ ಕೂಡ್ತೀನಿ. ಹೊತ್ತಾಗಾಕತ್ತದ, ನಡೀರಿ.”

“ತಗರಿಗಿಂತ ಒಂದಿಷ್ಟು ಜಾಸ್ತಿನೇ ಅದಿ,” ಎಂದು ಮಾವ ನಕ್ಕ. “ಇರ್ಲಿ. ನಿನ್ನ ಕಣ್ಣ ಮುಂದನ ನಿಮ್ಮಣ್ಣನ್ನ ಸೋಲಸ್ತೀನಿ.”

ಸೋಲಿಸಿಯೇ ಬಿಟ್ಟ. ಅತ್ತೆ ನಡುವೆ ಕೂತದ್ದೇ ಕುರಿಗಳೆಲ್ಲ ಅವಳ ಮೈಗೆ ಒರಗಿ ಸುಮ್ಮನಾದವು. ಹರಿಗೋಲು ತಿರುಗುವುದು ಬಿಟ್ಟು ನೆಟ್ಟಗೆ ಹೋಯಿತು. ಅಪ್ಪ ಬೆವರು ಸುರಿಸಿ ಹುಟ್ಟು ಹಾಕಿದರೂ ನಾವು ಹಿಂದೆ ಬಿದ್ದೆವು. ಈ ವರ್ಷವೂ ಅತ್ತೆ ಬರುವುದಿಲ್ಲವೆಂದು ನಾನು ಕೂತಲ್ಲೇ ಗೊಳೋ ಎಂದು ಅಳತೊಡಗಿದೆ.

ನಾವು ಊರ ದಂಡೆ ಮುಟ್ಟುವಾಗ ಮಾವ ಮೀಸೆ ತಿರುವುತ್ತ ನಿಂತಿದ್ದ. ಗಂಗತ್ತೆ ನಿಧಾನವಾಗಿ ಇಳಿದಳು. ಒದ್ದೆ ಸೆರಗು ಹಿಂಡಿಕೊಂಡು ನಮ್ಮವ್ವನ ಪಕ್ಕಕ್ಕೆ ಹೋಗಿ ನಿಂತು ಗಂಡನ ಕಡೆ ತಿರುಗಿದಳು.

“ಗೆದ್ರ ನನ್ನ ಈ ದಂಡಿಗಿ ದಾಟಸೂದಿಲ್ಲ ಅಂದಿದ್ರಿ. ಈಗ ದಾಟಿಸಿದಾವ್ರು ಯಾರ್ರಿ?”

ಮಾವ ಕೈಯಲ್ಲಿದ್ದ ಹುಟ್ಟನ್ನೇ ನೋಡಿದ. ಪಂದ್ಯ ಮುಗಿಯುವುದು ನಮ್ಮ ದಂಡೆಯಲ್ಲಿ ಎಂಬುದು ಅವನಿಗೆ ಆಗಲೇ ಹೊಳೆದದ್ದು.

“ಎರಡೂ ದಂಡಿ ಒಂದಾಗಾಕತ್ಯಾವ,” ಎಂದಳು ಅತ್ತೆ. “ನೀವಿಬ್ಬರಽ ಉಳದೀರಿ.”

ಮೊದಲು ನಕ್ಕದ್ದು ಮಾವನೇ. ಆಮೇಲೆ ಅಪ್ಪ. ಗಂಟು ಬಿಚ್ಚಿದರೆ ರೊಟ್ಟಿಯ ಕೆಳಗೆ ಅತ್ತೆಯ ಎರಡು ಸೀರೆಗಳಿದ್ದವು. ಮಾವನೂ ಹಬ್ಬ ಮುಗಿಯುವವರೆಗೆ ನಮ್ಮಲ್ಲೇ ಉಳಿದ, ಹೋಳಿಗೆ ತಿನ್ನುವುದರಲ್ಲಿ ಅಪ್ಪನನ್ನು ಇನ್ನೊಮ್ಮೆ ಸೋಲಿಸಿದ.

ಇದನ್ನೆಲ್ಲ ಮನೆಯವರಿಗೆ ಹೇಳಿ ಮುಗಿಸುವಾಗ ನನಗೆ ನನ್ನ ಮೇಲೇ ನಗು ಬಂತು. ನನ್ನ ಅಣ್ಣ ತೀರಿಕೊಂಡ ಮೇಲೆ ಅವನ ಮಗ ಪ್ರತಿ ದೀಪಾವಳಿಗೆ ಫೋನಿನಲ್ಲೇ “ಬಾ ಅತ್ತಿ” ಎನ್ನುತ್ತಾನೆ. ಮನೆಗೆ ಬಂದು ಕರೆಯದಿದ್ದರೆ ನಾನೇಕೆ ಹೋಗಲಿ ಎಂದು ಯಾದಗಿರಿಯಲ್ಲೇ ಬಿಗಿದುಕೊಂಡು ಕೂತಿದ್ದೆ. ಈ ಸಲ ಫೋನು ನಾನೇ ಮಾಡಿದೆ.

“ಕರಿಯಾಕ ಯಾರೂ ಬರೂದು ಬ್ಯಾಡಪಾ. ನಾವ ಬರಾಕತ್ತೇವಿ. ಎಣ್ಣಿ ಕಾಸಿ ಇಡು.”

ಆಚೆಯಿಂದ ಬಂದ ಅವನ ದನಿ ಒದ್ದೆಯಾಗಿತ್ತು. “ಎಷ್ಟ ವರ್ಷ ಆಯ್ತ ಅತ್ತಿ, ನೀ ಬಂದು.”